ವಾಲ್ವ್ ಬದಲಿಸಿದರೆ ಸಾಕು ಅಂದರೆ ನಂಬಬೇಡಿ

ಹಳೇ ವಾಲ್ವ್ ರೇಡಿಯೋ ಇಟ್ಟುಕೊಂಡವರೇ, ಔಟ್‌ಪುಟ್ ವಾಲ್ವ್ (ಸ್ಪೀಕರಿಗೆ ದನಿ ಕೊಡುವ ಗಾಜಿನ ಕೊಳವೆ) ಹೋಗಿದೆ, ಹೊಸದು ಹಾಕಿದರೆ ಸರಿಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಅಷ್ಟಕ್ಕೇ ಒಪ್ಪಬೇಡಿ. ಯಾಕೆ ಹೋಯಿತು ಅಂತ ಕೇಳಿ. ಆ ಪ್ರಶ್ನೆಗೆ ಉತ್ತರ ಸಿಗದೆ ನನ್ನ ಸೆಟ್ ಹಾಳಾಯಿತು.

ಚೆನ್ನಾಗಿ ಹಾಡುತ್ತದೆ ಅಂತಲೇ ಮಾರಿದ್ದರು. ಹಾಡಿತು ಕೂಡ. ಹಿಂದೆ ಸಣ್ಣಗೆ ಗುಂಯ್ ಅನ್ನುವ ಸದ್ದು ಮಾತ್ರ ಇತ್ತು. ಸೆಟ್ ಬಿಸಿಯಾದ ಮೇಲೆ ದನಿ ಒಡೆಯತೊಡಗಿತು. ಹಿಂದಿನಿಂದ ನೋಡಿದರೆ ಇಎಲ್84 ಅನ್ನುವ ಔಟ್‌ಪುಟ್ ವಾಲ್ವಿನ ಬೂದು ಪ್ಲೇಟು ಮಂಕು ಕೆಂಪಾಗಿ ಕಾದಿತ್ತು. ನಡುವೆ ಕಾಣುವ ಹೀಟರಿನ ಕಿತ್ತಳೆ ಬೆಳಕು ಸಹಜ. ಹೊರಗಿನ ಪ್ಲೇಟೇ ಕೆಂಪಾದರೆ ತಕ್ಷಣ ಸ್ವಿಚ್ ಆಫ್ ಮಾಡಬೇಕು.

ರಿಪೇರಿಯವರು ವಾಲ್ವ್ ಮಾತ್ರ ಬದಲಿಸಿ ಕೊಟ್ಟರು. ಹೊಸ ವಾಲ್ವೂ ಕೆಂಪಾಯಿತು. ಕೊನೆಗೆ ದನಿಯೇ ನಿಂತಿತು. ವಾಲ್ವನ್ನು ಸ್ಪೀಕರಿಗೆ ಜೋಡಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಪ್ರೈಮರಿ ಸುತ್ತು (ವಾಲ್ವ್ ಕಡೆಯ ತಂತಿ ಸುರುಳಿ) ಸುಟ್ಟು ತುಂಡಾಗಿತ್ತು. ವಾಲ್ವ್ ಇನ್ನೂ ಸಿಗುತ್ತದೆ. ಆ ಸೆಟ್ಟಿಗೆ ಸರಿಹೊಂದುವ ಟ್ರಾನ್ಸ್‌ಫಾರ್ಮರ್ ಹುಡುಕುವುದು ತುಂಬಾ ಕಷ್ಟ.

ಇಷ್ಟಕ್ಕೂ ಕಾರಣ ಮೇಣ ಹಚ್ಚಿದ ಒಂದು ಪುಟ್ಟ ಪೇಪರ್ ಕೆಪಾಸಿಟರ್. ಹಿಂದಿನ ವಾಲ್ವಿನಿಂದ ಬರುವ ದನಿಯನ್ನು ಮುಂದಕ್ಕೆ ಬಿಟ್ಟು, ಡಿಸಿ ವೋಲ್ಟೇಜನ್ನು ತಡೆಯುವುದು ಅದರ ಕೆಲಸ. ವರ್ಷ ಕಳೆದಂತೆ ಒಳಗಿನ ಕಾಗದ ತೇವ ಹೀರಿ ಲೀಕ್ ಆಗುತ್ತದೆ. ಆ ವೋಲ್ಟೇಜ್ ಸ್ವಲ್ಪ ಸ್ವಲ್ಪವೇ ಔಟ್‌ಪುಟ್ ವಾಲ್ವಿನ ಗ್ರಿಡ್ಡಿಗೆ, ಅಂದರೆ ಕರೆಂಟ್ ಹರಿವನ್ನು ಹತೋಟಿಯಲ್ಲಿಡುವ ಭಾಗಕ್ಕೆ, ಸೇರುತ್ತದೆ. ಇಎಲ್84 ಪ್ಲೇಟಿನಲ್ಲಿ ಸಾಮಾನ್ಯವಾಗಿ ಹರಿಯಬೇಕಾದದ್ದು ಹೆಚ್ಚೆಂದರೆ 48 ಮಿಲಿಆಂಪ್. ಗ್ರಿಡ್ ಹತೋಟಿ ತಪ್ಪಿದರೆ ಅದಕ್ಕಿಂತ ಎಷ್ಟೋ ಜಾಸ್ತಿ ಹರಿಯುತ್ತದೆ, ಎಲ್ಲವೂ ಆ ತೆಳು ತಂತಿಯ ಪ್ರೈಮರಿ ಮೂಲಕವೇ.

ಪತ್ತೆ ಮಾಡುವುದು ಸುಲಭ. ಸೆಟ್ ಬಿಸಿಯಾದ ಮೇಲೆ ಔಟ್‌ಪುಟ್ ವಾಲ್ವಿನ ಗ್ರಿಡ್ಡಿಗೂ ಚಾಸಿಗೂ (ಲೋಹದ ಚೌಕಟ್ಟು) ನಡುವೆ ಡಿಸಿ ಅಳೆಯಿರಿ. ಸಾಮಾನ್ಯವಾಗಿ ಸೊನ್ನೆ ಇರಬೇಕು. ಪಾಸಿಟಿವ್ ವೋಲ್ಟ್ ಕಂಡರೆ ವಾಲ್ವ್ ತೆಗೆದು ಮತ್ತೆ ನೋಡಿ. ಆಗಲೂ ಉಳಿದರೆ ಕೆಪಾಸಿಟರ್ ಲೀಕ್ ಆಗಿದೆ. ಹೋಗಿಬಿಟ್ಟರೆ ವಾಲ್ವೇ ಕೆಟ್ಟಿದೆ. ನನ್ನನ್ನು ಕೇಳಿದರೆ ಅಳೆಯುತ್ತಾ ಕೂರದೆ ಎಲ್ಲ ಪೇಪರ್ ಕೆಪಾಸಿಟರ್‌ಗಳನ್ನೂ 630 ವೋಲ್ಟಿನ ಫಿಲ್ಮ್ ಕೆಪಾಸಿಟರ್‌ಗಳಿಗೆ ಬದಲಿಸಿ.

ಆ ಗುಂಯ್ ಸದ್ದೂ ಸುಮ್ನೆ ಬಂದಿರಲಿಲ್ಲ. ಡಿಸಿಯನ್ನು ಸಮಗೊಳಿಸುವ ಫಿಲ್ಟರ್ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಣಗಿತ್ತು. ಅದು ಶಾರ್ಟ್ ಆದರೆ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ವಾಲ್ವನ್ನೂ ಮೇನ್ಸ್ ಟ್ರಾನ್ಸ್‌ಫಾರ್ಮರನ್ನೂ ಜೊತೆಗೆ ಸುಡುತ್ತದೆ. ಅದಕ್ಕೇ ಬಹಳ ಕಾಲ ಸುಮ್ಮನಿದ್ದ ಸೆಟ್ಟನ್ನು ನೇರವಾಗಿ ಪ್ಲಗ್ಗಿಗೆ ಹಾಕಬೇಡಿ. 60 ವಾಟಿನ ಹಳೇ ತಂತಿ ಬಲ್ಬನ್ನು ಸೀರೀಸ್‌ನಲ್ಲಿ, ಅಂದರೆ ಸೆಟ್ಟಿಗೆ ಹೋಗುವ ಕರೆಂಟಿನ ದಾರಿಯಲ್ಲೇ, ಹಾಕಿ, ಎಲ್‌ಇಡಿ ಆಗುವುದಿಲ್ಲ. ಬಲ್ಬು ಒಮ್ಮೆ ಹೊತ್ತಿ ಮಂಕಾದರೆ ಸರಿ. ಜೋರಾಗಿಯೇ ಉರಿಯುತ್ತಿದ್ದರೆ ತೆಗೆದುಬಿಡಿ.

ಒಳಗೆ ಯುಎಲ್84, ಯುವೈ85 ತರಹ 'ಯು' ಸಾಲಿನ ವಾಲ್ವ್‌ಗಳಿದ್ದರೆ ಇನ್ನೂ ಹುಷಾರು. ಅಂಥ ಸೆಟ್‌ಗಳಲ್ಲಿ ಸಾಮಾನ್ಯವಾಗಿ ಚಾಸಿಯೇ ನೇರ ಮೇನ್ಸಿಗೆ ಸೇರಿರುತ್ತದೆ. ಸೆಟ್ಟನ್ನು ಮೇನ್ಸಿನಿಂದ ಬೇರ್ಪಡಿಸುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಬಿಚ್ಚಿ ಕೂರಬೇಡಿ. ಯಾವ ಸೆಟ್ಟೇ ಇರಲಿ, ಪ್ಲಗ್ ಕಿತ್ತ ಮೇಲೂ ಫಿಲ್ಟರಿನಲ್ಲಿ 250 ವೋಲ್ಟಿನಷ್ಟು ಉಳಿದಿರಬಹುದು. ರೆಸಿಸ್ಟರ್ ಮೂಲಕ ಇಳಿಸಿ, ಮೀಟರಿನಲ್ಲಿ ಸೊನ್ನೆ ನೋಡಿದ ಮೇಲೆಯೇ ಕೈ ಹಾಕಿ.