ಮೌಲ್ಯಮಾಪನ ಮಾಡಿಕೊಡ್ತೀವಿ ಅಂತ ಬರುವವರ ಬಗ್ಗೆ ಹುಷಾರು!

ಬಾಗಲಕೋಟೆ, ವಿಜಯಪುರ ಕಡೆ ಮಕ್ಕಳ ಜೊತೆ ಕೆಲಸ ಮಾಡುವ ಸಣ್ಣ ಟ್ರಸ್ಟ್‌ನವರು, ಎನ್‌ಜಿಒದವರು ದಯವಿಟ್ಟು ಪೂರ್ತಿ ಓದಿ. "ಇಂಪ್ಯಾಕ್ಟ್ ಅಸೆಸ್‌ಮೆಂಟ್ ಕಡ್ಡಾಯ, ಮಾಡಿಸದಿದ್ದರೆ ನಿಮ್ಮ ಸಿಎಸ್‌ಆರ್ ಹಣ ನಿಲ್ಲುತ್ತೆ" ಅಂತ ಯಾರಾದರೂ ಫೋನ್ ಮಾಡಿದರೆ ಅಲ್ಲೇ ಇಟ್ಟುಬಿಡಿ. (ಸಿಎಸ್‌ಆರ್ ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಹಣ. ಇಂಪ್ಯಾಕ್ಟ್ ಅಸೆಸ್‌ಮೆಂಟ್ ಅಂದರೆ ಆ ಕೆಲಸದಿಂದ ಎಷ್ಟು ಬದಲಾವಣೆ ಆಯಿತು ಅಂತ ಹೊರಗಿನವರಿಂದ ಅಳೆಸೋದು.) ನಮಗೂ ಹೀಗೇ ಫೋನ್ ಬಂದಿತ್ತು.

ನಮ್ಮದು ಗುಳೇದಗುಡ್ಡದಲ್ಲಿ ನೇಕಾರರ ಮಕ್ಕಳಿಗೆ ಸಂಜೆ ಪಾಠದ ಕೇಂದ್ರ. ಅಪ್ಪ ಮಗ್ಗದ ಮೇಲೆ, ಅವ್ವ ಕಂಡಿಕೆ ಸುತ್ತುತ್ತಾ ಇರುತ್ತಾಳೆ. ಮಕ್ಕಳನ್ನು ಕೂರಿಸಿ ಓದಿಸೋಕೆ ಯಾರಿಗೆ ಪುರುಸೊತ್ತು? ಒಂದು ಕಂಪನಿ ವರ್ಷಕ್ಕೆ ಕೆಲವು ಲಕ್ಷ ಕೊಡುತ್ತದೆ. ಪಾಠ ಹೇಳುವ ಅಕ್ಕಾರ ಸಂಬಳ, ಬಾಡಿಗೆ, ಪುಸ್ತಕ ಎಲ್ಲಾ ಅದರಲ್ಲೇ.

ಕನ್ಸಲ್ಟೆಂಟ್ ಬಂದು ಲ್ಯಾಪ್‌ಟಾಪ್ ತೆರೆದು 2021ರ ಸಿಎಸ್‌ಆರ್ ತಿದ್ದುಪಡಿ ನಿಯಮ ತೋರಿಸಿದರು. ನಿಯಮ ಇರೋದು ನಿಜ. ಆದರೆ ಅದು ಯಾರಿಗೆ ಅನ್ನೋದನ್ನು ಮಾತ್ರ ಹೇಳಲಿಲ್ಲ. ಹಿಂದಿನ 3 ವರ್ಷಗಳ ಸರಾಸರಿಯಲ್ಲಿ ಸಿಎಸ್‌ಆರ್‌ಗೆ 10 ಕೋಟಿ ಅಥವಾ ಹೆಚ್ಚು ಖರ್ಚು ಮಾಡಲೇಬೇಕಾದ ಕಂಪನಿಗಳಿಗೆ ಅದು. ಅದೂ 1 ಕೋಟಿ ಅಥವಾ ಹೆಚ್ಚಿನ ಯೋಜನೆಗಳಿಗೆ, ಅದೂ ಯೋಜನೆ ಮುಗಿದು ಕನಿಷ್ಠ ಒಂದು ವರ್ಷ ಆದ ಮೇಲೆ. ಮಾಡಿಸಬೇಕಾದವರೂ ಕಂಪನಿಯವರೇ, ನಾವಲ್ಲ! ಇದನ್ನು ಆಮೇಲೆ ಹೇಳಿದ್ದು ನಮ್ಮ ಕಂಪನಿಯ ಅಧಿಕಾರಿ. ಅಷ್ಟರಲ್ಲಿ ಅರ್ಧ ಹಣ ಮುಂಗಡವಾಗಿ ಹೋಗಿತ್ತು, ಮೇಲೆ 18% ಜಿಎಸ್‌ಟಿ ಬೇರೆ. ಆ ದುಡ್ಡಲ್ಲಿ ಒಬ್ಬ ಅಕ್ಕಾರಿಗೆ ಎಷ್ಟು ತಿಂಗಳ ಸಂಬಳ ಆಗುತ್ತಿತ್ತು ಅಂತ ನೆನೆದರೆ ಹೊಟ್ಟೆ ಉರಿಯುತ್ತದೆ.

ಮನೆ ಮನೆ ಸಮೀಕ್ಷೆ, ತಾಯಂದಿರ ಗುಂಪು ಚರ್ಚೆ, ಶಾಲೆಯ ಮೇಷ್ಟ್ರ ಸಂದರ್ಶನ, ಏನೇನೋ ಹೇಳಿದ್ದರು. ಬಂದದ್ದು ಇಬ್ಬರು ಹುಡುಗರು, ಒಂದು ಕಾರು. ನಮ್ಮ ಅಕ್ಕಾರು ಆಮೇಲೆ ಹೇಳಿದ್ದು: "ಒಬ್ಬ ತಾಯಿನೂ ಮಾತಾಡ್ಸಲಿಲ್ರೀ ಮೇಡಂ. ಫೋಟೋ ತಗೊಂಡ್ರು, ಊಟ ಮಾಡಿದ್ರು, ಹೋದ್ರು."

ಒಂದು ವಿಷಯ ಹೇಳಲೇಬೇಕು. ನಮ್ಮ ಹತ್ತಿರ ಒಂದು ರಿಜಿಸ್ಟರ್ ಇದೆ. ಪ್ರತಿ ಜೂನ್‌ನಲ್ಲಿ ಒಂದೊಂದೇ ಮಗುವನ್ನು ಕೂರಿಸಿ ಓದಿಸಿ ನೋಡುತ್ತೇವೆ. ಹಳ್ಳಿ ಮಕ್ಕಳ ಓದು, ಲೆಕ್ಕ ನೋಡುವ ಅಸರ್ ಸಮೀಕ್ಷೆಯಲ್ಲಿ ಮಾಡುತ್ತಾರಲ್ಲ, ಅಕ್ಷರ, ಪದ, 1ನೇ ತರಗತಿಯ ಪ್ಯಾರಾ, 2ನೇ ತರಗತಿಯ ಕಥೆ, ಅದೇ ರೀತಿ. ವರ್ಷದ ಕೊನೆಗೆ ಅದೇ ಮಕ್ಕಳನ್ನು ಅದೇ ಹಾಳೆಯಿಂದ ಮತ್ತೆ ಓದಿಸುತ್ತೇವೆ. ಆ ರಿಜಿಸ್ಟರ್ ಮುಂದಿಟ್ಟರೆ ಆ ಮಹಾಶಯರು ತೆರೆಯಲೇ ಇಲ್ಲ. "ಇದು ಸೈಂಟಿಫಿಕ್ ಅಲ್ಲ ಮೇಡಂ. ನಮ್ಮದು ಪ್ರೂವನ್ ಟೂಲ್" ಅಂದರು.

ಆ ಪ್ರೂವನ್ ಟೂಲ್‌ನ ವರದಿ ನಮಗೆ ತೋರಿಸದೆ ನೇರ ಕಂಪನಿಗೆ ಹೋಯಿತು. ಬಣ್ಣಬಣ್ಣದ ಚಾರ್ಟು, ದಪ್ಪ ಕಾಗದ. ವೀಡಿಯೊ ಮೀಟಿಂಗ್‌ನಲ್ಲಿ ಅಧಿಕಾರಿ ಒಂದು ಸಾಲು ಜೋರಾಗಿ ಓದಿದರು. "ಕಾಫಿ ತೋಟದ ಲೈನ್ ಮನೆಗಳಲ್ಲಿ ವಾಸಿಸುವ ತಾಯಂದಿರು ಕೇಂದ್ರದ ಬಗ್ಗೆ ತೃಪ್ತಿ ವ್ಯಕ್ತಪಡಿಸಿದರು." ಓದಿ ಕೇಳಿದರು, "ಮೇಡಂ, ಗುಳೇದಗುಡ್ಡದಲ್ಲಿ ಕಾಫಿ ಬೆಳೀತಾರಾ?"

ಮುಖ ಎಲ್ಲಿಡಬೇಕು ಅಂತ ತಿಳಿಯಲಿಲ್ಲ. ಖಣಕ್ಕೆ ಹೆಸರಾದ ಊರು ನಮ್ಮದು. ಕಾಫಿ ತೋಟವಂತೆ! ಯಾವುದೋ ಮಲೆನಾಡಿನ ಸಂಸ್ಥೆಗೆ ಮಾಡಿದ ವರದಿಯಲ್ಲಿ ಊರಿನ ಹೆಸರು ಬದಲಿಸಿ ನಮಗೆ ಮಾರಿದ್ದಾರೆ. ಮುಂದೆ ನೋಡಿದರೆ ನಮ್ಮಲ್ಲಿ ದಾಖಲಾದವರಿಗಿಂತ ಜಾಸ್ತಿ ಮಕ್ಕಳ ಸಮೀಕ್ಷೆ ಆಗಿದೆ! ಅದಕ್ಕಿಂತ ಕೆಟ್ಟದ್ದು, "ಮೊದಲು" ಮತ್ತು "ಈಗ" ಅಂತ ಎರಡು ಕಂಬದ ಚಾರ್ಟ್. "ಮೊದಲು" ಇವರು ಎಲ್ಲಿದ್ದರು? ಬೇಸ್‌ಲೈನ್, ಅಂದರೆ ಶುರುವಿನ ಅಳತೆ, ಮಾಡಿಯೇ ಇಲ್ಲ, ನಮ್ಮ ರಿಜಿಸ್ಟರ್ ಮುಟ್ಟಿಯೂ ಇಲ್ಲ. ಪರೀಕ್ಷೆಗೆ ಕೂರದವನಿಗೆ ಮಾರ್ಕ್ಸ್ ಕಾರ್ಡ್ ಕೊಟ್ಟ ಹಾಗೆ.

ಕೇಳಿದೆ. ಉತ್ತರ ನೋಡಿ.

ಕಾಫಿ ತೋಟ? "ಟೆಂಪ್ಲೇಟ್ ಎರರ್ ಮೇಡಂ, ಎಡಿಟ್ ಮಾಡ್ತೀವಿ."

ಬೇಸ್‌ಲೈನ್ ಅಂಕಿ ಎಲ್ಲಿಂದ ಬಂತು? "ಎಸ್ಟಿಮೇಟ್."

ತುಂಬಿಸಿದ ಫಾರಂಗಳನ್ನಾದರೂ ಕೊಡಿ ಅಂದೆ. "ಡೇಟಾ ನಮ್ಮ ಪ್ರಾಪರ್ಟಿ, ಸ್ಕೋಪ್‌ನಲ್ಲಿ ಬರಲ್ಲ." ಮಕ್ಕಳು ನಮ್ಮವರು, ದುಡ್ಡು ನಮ್ಮದು, ಡೇಟಾ ಅವರದಂತೆ!

ಕೊನೆಗೆ ಬಂದ ಮೆಸೇಜ್ ಇನ್ನೂ ಫೋನ್‌ನಲ್ಲಿ ಇಟ್ಟುಕೊಂಡಿದ್ದೇನೆ. "ವರದಿ ಪಾಸಿಟಿವ್ ಆಗೇ ಇದೆಯಲ್ವಾ ಮೇಡಂ? ನೆಗೆಟಿವ್ ಬಂದಿದ್ರೆ ನಿಮ್ಮ ಫಂಡೇ ನಿಲ್ತಿತ್ತು." ಅಂದರೆ ನಾವು ಕೊಂಡಿದ್ದು ಹೊಗಳಿಕೆ ಅಂತ ಅವರ ಲೆಕ್ಕ. ಯಾವ ಮಗು ಎಲ್ಲಿ ಸಿಕ್ಕಿಬಿದ್ದಿದೆ, ಯಾರು ಶಾಲೆ ಬಿಡುವ ಹಂತದಲ್ಲಿದ್ದಾರೆ, ಯಾವ ಪಾಠ ಕೆಲಸಕ್ಕೆ ಬರುತ್ತಿಲ್ಲ, ಅದು ನಮಗೆ ಬೇಕಿತ್ತು.

ಇನ್ನೊಂದು ವಿಷಯ ಬರೆಯೋಕೂ ಕೈ ನಡುಗುತ್ತದೆ. ರಕ್ಷಣೆ ಬೇಕಾದ ಮಕ್ಕಳನ್ನು ನೋಡಿಕೊಳ್ಳುವ ಮಕ್ಕಳ ಕಲ್ಯಾಣ ಸಮಿತಿಯ ಮೂಲಕ ಬಂದ ಒಬ್ಬ ಹುಡುಗಿಯನ್ನು ಆ ಹುಡುಗರು ಪಕ್ಕಕ್ಕೆ ಕರೆದು ಮಾತಾಡಿಸಿದ್ದರು. ಅವಳ ಹೆಸರು, ಫೋಟೋ, ಮನೆಯ ಕಥೆ ಎಲ್ಲಾ ವರದಿಯಲ್ಲಿ ಅಚ್ಚಾಗಿದೆ. ಇಂಥ ಮಕ್ಕಳ ಗುರುತು ಬಯಲು ಮಾಡಬಾರದು ಅಂತ 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಹೇಳುತ್ತದೆ. ಮಕ್ಕಳ ಸಂಸ್ಥೆಗಳಿಗೆ ಸಲಹೆ ಕೊಡುವವರಿಗೆ ಇಷ್ಟೂ ಗೊತ್ತಿಲ್ವಾ? ಉತ್ತರ ಏನು ಗೊತ್ತಾ? "ಎಮೋಷನಲ್ ಕನೆಕ್ಟ್ ಬೇಕಲ್ಲ ಮೇಡಂ." ಆ ಪುಟ ತೆಗೆಸೋಕೆ ನಾನು ಕಂಪನಿಯವರ ಕಾಲು ಹಿಡಿಯೋದೊಂದು ಬಾಕಿ ಇತ್ತು.

ಎಲ್ಲರೂ ಹೀಗಿರಲ್ಲ, ಗೊತ್ತು. ಆದರೂ ಯಾರಾದರೂ ಬಂದರೆ ಹಳೆಯ ವರದಿ ಕೇಳಿ, ಅದನ್ನು ಮಾಡಿಸಿದ ಸಂಸ್ಥೆಗೆ ನೀವೇ ಫೋನ್ ಮಾಡಿ. ಕರಡು ಮೊದಲು ನಮಗೆ, ತುಂಬಿಸಿದ ಫಾರಂ ನಮಗೆ, ಮಕ್ಕಳ ಹೆಸರು ಫೋಟೋ ಎಲ್ಲೂ ಇಲ್ಲ ಅಂತ ಒಪ್ಪಂದದಲ್ಲಿ ಬರೆಸಿ. ಮುಂಗಡ ಅರ್ಧ ಕೇಳಿದರೆ ಚಹಾ ಕುಡಿಸಿ ಕಳಿಸಿ. ಮತ್ತೆ ನಿಮ್ಮ ರಿಜಿಸ್ಟರ್ ನೋಡದವರನ್ನು ಒಳಗೇ ಬಿಟ್ಟುಕೊಳ್ಳಬೇಡಿ.

ಈಗ ಇಳಕಲ್, ಬನಹಟ್ಟಿ ಕಡೆಯ ಸಂಸ್ಥೆಗಳಿಗೂ ಇಂಥದ್ದೇ ಫೋನ್ ಹೋಗುತ್ತಿದೆಯಂತೆ. ನಿಮಗೆ ಬಂದಿದ್ದರೆ ನನಗೆ ಮೆಸೇಜ್ ಮಾಡಿ, ಯಾರು ಅಂತ ಖಾಸಗಿಯಾಗಿ ಹೇಳುತ್ತೇನೆ. ನಿನ್ನೆ ಕೂಡ ಬಾಕಿ ಬಿಲ್ ಕಳಿಸಿದ್ದಾರೆ. ಕೊಡೋದಿಲ್ಲ ಅಂತ ಬರೆದಿದ್ದೇನೆ, ಮುಂಗಡ ವಾಪಸ್ ಕೇಳಿದ್ದೇನೆ.