70 ಸಾವಿರಕ್ಕೆ ಹಳೆಯ ಕ್ರೂಸರ್: ಅವೆಂಜರ್ 220, ಥಂಡರ್‌ಬರ್ಡ್ 350, ಇಂಟ್ರೂಡರ್ 150

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಮಾತು ಸೆಕೆಂಡ್ ಹ್ಯಾಂಡ್ ಕ್ರೂಸರ್ (ತಗ್ಗಿನ ಸೀಟಿನಲ್ಲಿ ಕಾಲು ಮುಂದಕ್ಕೆ ಚಾಚಿ ಕೂರುವ ಬೈಕ್) ಕೊಳ್ಳುವವರಿಗೆ ಅಕ್ಷರಶಃ ಹೊಂದುತ್ತದೆ. ನನ್ನ ಹಾಸಿಗೆ 70,000 ರೂಪಾಯಿ, ದಿನದ ಓಡಾಟ ಸಿಲ್ಕ್ ಬೋರ್ಡ್ ದಾರಿ, ವಾರಕ್ಕೊಮ್ಮೆ ನಂದಿ ಬೆಟ್ಟ. ಈ ಲೆಕ್ಕಕ್ಕೆ ಮೂರನ್ನೂ ಓಡಿಸಿ ನೋಡಿದ ಮೇಲೆ ನನ್ನ ಓಟು ಅವೆಂಜರ್ 220 ಕ್ರೂಸ್‌ಗೆ, ಅದರಲ್ಲೂ 2016ರಿಂದ 2019ರವರೆಗಿನ ಗಾಡಿಗಳಿಗೆ. ಹಳೇ ಕಾಲದ ಕ್ರೂಸರ್‌ಗಳಾದ ಬಜಾಜ್ ಎಲಿಮಿನೇಟರ್, ಯಮಹಾ ಎಂಟೈಸರ್ ಈಗ 15 ವರ್ಷ ದಾಟಿದ ಗಾಡಿಗಳು. ಆರ್‌ಸಿ ನವೀಕರಣ, ಹಸಿರು ತೆರಿಗೆ, ಸಿಗದ ಪಾರ್ಟ್ಸ್ ಎಲ್ಲವನ್ನೂ ಸಹಿಸುವಷ್ಟು ಪ್ರೀತಿ ಇದ್ದವರು ಸಾಕಿಕೊಳ್ಳಲಿ.

ಅವೆಂಜರ್‌ನ ದೊಡ್ಡ ಅನುಕೂಲ ಎಂಜಿನ್. ಪಲ್ಸರ್ 220ರ ಮನೆತನದ್ದೇ ಆದ್ದರಿಂದ ಪ್ಲಗ್, ಆಯಿಲ್ ಫಿಲ್ಟರ್, ಕ್ಲಚ್ ಪ್ಲೇಟು ಯಾವ ಏರಿಯಾದ ಅಂಗಡಿಯಲ್ಲಾದರೂ ಸಿಗುತ್ತವೆ. ಒಂದು ಸಿಲಿಂಡರಿಗೆ ಎರಡು ಪ್ಲಗ್ ಇವೆ ಅನ್ನುವುದನ್ನು ಮರೆಯಬೇಡಿ. ಒಂದು ಸತ್ತರೂ ಗಾಡಿ ಓಡುತ್ತಲೇ ಇರುತ್ತದೆ, ಮೈಲೇಜ್ ಮಾತ್ರ ಸದ್ದಿಲ್ಲದೆ ಕುಸಿಯುತ್ತದೆ. ಕಿಕ್ಕರ್ ಇಲ್ಲ, ಹಾಗಾಗಿ ಬ್ಯಾಟರಿ ಸೋತ ದಿನ ತಳ್ಳುವುದೇ ಗತಿ.

ಇನ್ನು ಈ ಗಾಡಿಯ ಮುಖ್ಯ ತಲೆನೋವು, ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್‌ಗೆ ಕಳಿಸುವ ಕಾರ್ಬೊರೇಟರ್. 2020ರಲ್ಲಿ ಬಿಎಸ್6 ಹೊಗೆ ನಿಯಮದ ಜೊತೆಗೆ ಅದರ ಜಾಗಕ್ಕೆ ಫ್ಯೂಯಲ್ ಇಂಜೆಕ್ಷನ್ ಬಂತು. ಅದಕ್ಕೆ ಬಜೆಟ್ ಎಟುಕಿದರೆ ಮುಂದಿನ ಎರಡು ಪ್ಯಾರಾ ಬಿಟ್ಟು ಓದಿ. ಹಳೆಯದರಲ್ಲಿ ಲಕ್ಷಣ ಒಂದೇ ತೆರನಾಗಿರುತ್ತವೆ: ಬೆಳಿಗ್ಗೆ ಸ್ಟಾರ್ಟ್ ಆಗಲು ನಾಲ್ಕೈದು ಸೆಲ್ಫ್, ಸಿಗ್ನಲ್‌ನಲ್ಲಿ ಐಡಲ್ ನಿಲ್ಲದೆ ಆಫ್, ಆಕ್ಸಿಲರೇಟರ್ ತಿರುಗಿಸಿದ ತಕ್ಷಣ ಅರೆಕ್ಷಣ ಉಸಿರು ಕಟ್ಟಿದಂತಾಗಿ ಆಮೇಲೆ ಎಳೆತ. ಇದಕ್ಕೆ ಸಾಮಾನ್ಯವಾಗಿ ನಡೆಯುವ ರಿಪೇರಿ ಎಂದರೆ ಐಡಲ್ ಸ್ಕ್ರೂ ಏರಿಸಿ ಕಳಿಸುವುದು. ಎರಡು ದಿನ ಸರಿ ಇರುತ್ತದೆ, ಮೂರನೇ ದಿನ ಮತ್ತೆ ಅದೇ ರಾಗ.

ಮೂಲ ಇರುವುದು ಪೈಲಟ್ ಜೆಟ್‌ನಲ್ಲಿ, ಅಂದರೆ ಐಡಲ್‌ನಲ್ಲಿ ಪೆಟ್ರೋಲ್ ಬಿಡುವ ಕಾರ್ಬೊರೇಟರಿನ ಸಣ್ಣ ನಳಿಕೆಯಲ್ಲಿ. ಶೇಕಡ 20 ಎಥೆನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಚಾಲನೆ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲೇ. ಎಥೆನಾಲ್ ಗಾಳಿಯ ತೇವ ಹೀರುತ್ತದೆ, ಹಳೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆ. ವಾರಗಟ್ಟಲೆ ನಿಂತ ಗಾಡಿಯಲ್ಲಿ ಕಾರ್ಬೊರೇಟರ್ ಬಟ್ಟಲಿನ ತಳಕ್ಕೆ ಕೆಸರು ಕೂರುತ್ತದೆ, ಕೂದಲೆಳೆಯಷ್ಟು ತೂತಿರುವ ಜೆಟ್ ಕಟ್ಟಿಕೊಳ್ಳುತ್ತದೆ. ಮೊದಲು ಪೆಟ್ರೋಲ್ ಕಾಕ್ ಮುಚ್ಚಿ, ಬಟ್ಟಲಿನ ಕೆಳಗಿನ ಡ್ರೈನ್ ಸ್ಕ್ರೂ ಸಡಿಲಿಸಿ, ಗಾಜಿನ ಲೋಟಕ್ಕೆ ಇಳಿಸಿ ನೋಡಿ. ತಳದಲ್ಲಿ ನೀರಿನ ಗುಳ್ಳೆಯೋ ಕಂದು ಪುಡಿಯೋ ಕಂಡರೆ ಜೆಟ್ ಜೊತೆ ಟ್ಯಾಂಕನ್ನೂ ತೊಳೆಸಬೇಕು. ಜೆಟ್ ಬಿಚ್ಚಿದ ಮೇಲೆ ಕ್ಲೀನರ್ ಸ್ಪ್ರೇ ಹೊಡೆದು, ವೈರಿನ ಒಳಗಿನ ಒಂದೇ ಒಂದು ತಾಮ್ರದ ಎಳೆ ತೂರಿಸಿ. ಸೂಜಿ ಬೇಡ, ತೂತು ಹಿಗ್ಗಿದರೆ ಜೆಟ್ಟೇ ಹೋಯಿತು. ಬೆಳಕಿಗೆ ಹಿಡಿದರೆ ದುಂಡನೆಯ ಚುಕ್ಕೆ ಕಾಣಬೇಕು. ಗಾಳಿ-ಪೆಟ್ರೋಲಿನ ಹದ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ತೆಗೆಯುವ ಮೊದಲು ಒಳಕ್ಕೆ ತಿರುಗಿಸುತ್ತಾ ಎಷ್ಟು ಸುತ್ತು ಅಂತ ಎಣಿಸಿ ಬರೆದಿಡಿ, ತಳ ಮುಟ್ಟಿದ ಮೇಲೆ ಬಿಗಿಯಬೇಡಿ.

ಇಷ್ಟಾದರೂ ಸರಿಹೋಗದಿದ್ದರೆ ಕಾರ್ಬೊರೇಟರ್ ಮತ್ತು ಎಂಜಿನ್ ನಡುವಿನ ರಬ್ಬರ್ ಬೂಟ್ ಬಿರುಕು ಬಿಟ್ಟಿರಬಹುದು. ಗಾಡಿ ಐಡಲ್‌ನಲ್ಲಿರುವಾಗ ಅದರ ಸುತ್ತ ಸ್ವಲ್ಪ ಡಬ್ಲ್ಯೂಡಿ-40 ಹೊಡೆಯಿರಿ. ಸದ್ದು ಏರಿಳಿದರೆ ಅಲ್ಲೇ ಗಾಳಿ ಸೋರುತ್ತಿದೆ. ಮೂರನೆಯದು ಕಾರ್ಬೊರೇಟರಿನ ಮೇಲ್ಗಡೆಯ ರಬ್ಬರ್ ಪೊರೆ, ಡಯಾಫ್ರಮ್; ಬೆಳಕಿಗೆ ಹಿಡಿದು ತೂತು ಹುಡುಕಿ. ಮಾರುವವರಿಗೆ ಇದೆಲ್ಲ ಗೊತ್ತು. ನೀವು ಹೋಗುವ ಹೊತ್ತಿಗೆ ಎಂಜಿನ್ ಬಿಸಿ ಮಾಡಿಟ್ಟಿರುತ್ತಾರೆ. ಬೆಳಿಗ್ಗೆ ಏಳಕ್ಕೇ ಹೋಗಿ ಎಂಜಿನ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಅದು ತಣ್ಣಗಾಗುವವರೆಗೆ ಟೀ ಕುಡಿದು ಬನ್ನಿ.

ಥಂಡರ್‌ಬರ್ಡ್ 350 ಮೇಲೆ ಕೂತರೆ ಗತ್ತೇ ಬೇರೆ, ಅದರಲ್ಲಿ ತಕರಾರಿಲ್ಲ. 20 ಲೀಟರ್ ಟ್ಯಾಂಕ್ ಬೇರೆ. ಆದರೆ ಅವೆಂಜರ್‌ಗಿಂತ 30 ಕೆಜಿಗೂ ಹೆಚ್ಚು ತೂಕ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಇಳಿಜಾರಿನಲ್ಲಿ ಹಿಂದಕ್ಕೆ ತಳ್ಳುವಾಗ ಪ್ರತಿ ಕೆಜಿಯೂ ಗೊತ್ತಾಗುತ್ತದೆ. ಈ ಎಂಜಿನ್‌ನಲ್ಲಿ ನೋಡಲೇಬೇಕಾದದ್ದು ಸೆಲ್ಫ್ ಮೋಟಾರಿನ ತಿರುಗುವಿಕೆಯನ್ನು ಎಂಜಿನ್‌ಗೆ ದಾಟಿಸುವ ಸ್ಪ್ರಾಗ್ ಕ್ಲಚ್. ಬ್ಯಾಟರಿ ಅರೆಜೀವವಾಗಿರುವಾಗ ಸೆಲ್ಫ್ ಒತ್ತಿದರೆ ಪಿಸ್ಟನ್ ಕಂಪ್ರೆಷನ್ ದಾಟಲಾರದೆ ಹಿಂದಕ್ಕೆ ಒದೆಯುತ್ತದೆ, ಆ ಏಟು ನೇರ ಸ್ಪ್ರಾಗ್‌ಗೆ ಬೀಳುತ್ತದೆ. ಮೋಟಾರ್ ತಿರುಗಿ ‘ಕರ್’ ಅಂತ ಸದ್ದು ಬಂದು ಎಂಜಿನ್ ತಿರುಗದಿದ್ದರೆ ಅದು ಹೋಗಿದೆ ಎಂದೇ ಲೆಕ್ಕ. ಮ್ಯಾಗ್ನೆಟ್ ಕಳಚಿ ಮಾಡುವ ಕೆಲಸ. ‘ಕಿಕ್ ಇದೆಯಲ್ಲಾ ಸಾರ್’ ಎಂಬ ಸಮಜಾಯಿಷಿ ಕೇಳಿದರೆ ಬೆಲೆ ಇಳಿಸಿ. ಉದ್ದದ ಹೈವೇ ಓಡಾಟಕ್ಕೆ ಥಂಡರ್‌ಬರ್ಡೇ ಮೇಲು, ಆದರೆ ಮೈಸೂರು ಎಕ್ಸ್‌ಪ್ರೆಸ್‌ವೇಗೆ 2023ರ ಆಗಸ್ಟ್ 1ರಿಂದ ಬೈಕಿಗೆ ಪ್ರವೇಶವೇ ಇಲ್ಲ. ಸರ್ವೀಸ್ ರಸ್ತೆಯ ಹಂಪುಗಳಲ್ಲಿ ಆ ಮೇಲುಗೈ ಕರಗಿಹೋಗುತ್ತದೆ.

ಇಂಟ್ರೂಡರ್ 150ರ ಎಂಜಿನ್ ಜಿಕ್ಸರ್‌ನದು, ಕಾಟ ಕೊಡುವುದಿಲ್ಲ. ಮೈತುಂಬ ಪ್ಲಾಸ್ಟಿಕ್. ಒಮ್ಮೆ ಬಿದ್ದರೆ ಪ್ಯಾನಲ್ ಹುಡುಕಿ ಅಲೆಯಬೇಕು, ಬೇರೆ ರೂಪ ಕೊಡೋಣ ಅಂದರೆ ಬಿಚ್ಚಿದ ಮೇಲೆ ಉಳಿಯುವುದೇನೂ ಇಲ್ಲ.

ಮಾಡಿಫಿಕೇಶನ್ ವಿಷಯದಲ್ಲಿ ನನ್ನ ನಿಯಮ ಒಂದೇ: ಸ್ಪ್ಯಾನರ್‌ನಲ್ಲಿ ಹಾಕಿದ್ದು ಸ್ಪ್ಯಾನರ್‌ನಲ್ಲೇ ಬಿಚ್ಚುವಂತಿರಬೇಕು. ಚಾಸಿ ಕತ್ತರಿಸುವುದು, ವೆಲ್ಡಿಂಗ್, ವೈರಿಂಗ್ ಕತ್ತರಿಸಿ ಟೇಪ್ ಸುತ್ತುವುದು ಬೇಡವೇ ಬೇಡ. ವಿಂಡ್‌ಶೀಲ್ಡ್, ಬ್ಯಾಕ್‌ರೆಸ್ಟ್, ಸ್ಯಾಡಲ್‌ಬ್ಯಾಗ್ ಜೆಸಿ ರಸ್ತೆಯಲ್ಲಿ ಸಿಗುತ್ತವೆ. ಬ್ಯಾಗ್ ಹಾಕಿದರೆ ಅದನ್ನು ಚಕ್ರದಿಂದ ದೂರ ಹಿಡಿಯುವ ಕಬ್ಬಿಣದ ಕಂಬಿ (ಸ್ಟೇ) ಕೂಡ ಹಾಕಿಸಿ; ಇಲ್ಲದಿದ್ದರೆ ಒಂದು ಕಡೆ ಚೈನು ಎಳೆದುಕೊಳ್ಳುತ್ತದೆ, ಇನ್ನೊಂದು ಕಡೆ ಸೈಲೆನ್ಸರ್ ಸುಡುತ್ತದೆ. ಕ್ರೂಸ್‌ನ ಎತ್ತರದ ಹ್ಯಾಂಡಲ್ ತೆಗೆದು ಅವೆಂಜರ್ ಸ್ಟ್ರೀಟ್ ಮಾದರಿಯ ಚಪ್ಪಟೆ ಹ್ಯಾಂಡಲ್ ಹಾಕಿದರೆ ಕೇಬಲ್ ಉದ್ದವಾಗಿ ಜೋಲುತ್ತವೆ, ಸುತ್ತಿ ಕೂರಿಸಬಹುದು. ತಿರುಗಾಮುರುಗಾ ಮಾಡಿದರೆ ಕೇಬಲ್, ಬ್ರೇಕ್ ಹೋಸ್ ಎರಡೂ ಗಿಡ್ಡವಾಗಿ ಹೊಸದೇ ಬೇಕಾಗುತ್ತದೆ. ಕೆಲಸ ಮುಗಿದ ಮೇಲೆ ಗಾಡಿ ಐಡಲ್‌ನಲ್ಲಿಟ್ಟು ಹ್ಯಾಂಡಲ್ ಎಡ ಬಲ ಪೂರ್ತಿ ತಿರುಗಿಸಿ. ಸದ್ದು ಏರಿದರೆ ಆಕ್ಸಿಲರೇಟರ್ ಕೇಬಲ್ ಎಳೆಯುತ್ತಿದೆ, ಯೂಟರ್ನ್‌ನಲ್ಲಿ ಗಾಡಿ ತಾನೇ ಮುನ್ನುಗ್ಗುತ್ತದೆ.

ಸದ್ದಿನ ಸೈಲೆನ್ಸರ್ ಹಾಕಿದರೆ ದಂಡದ ಜೊತೆಗೆ ಮೇಲೆ ಹೇಳಿದ ಕಾರ್ಬೊರೇಟರ್ ಹದವೂ ಕೆಡುತ್ತದೆ, ಇಳಿಜಾರಿನಲ್ಲಿ ಪಟಾಕಿ ಶುರು. ಬಣ್ಣ ಬದಲಿಸಬೇಕಿದ್ದರೆ ಆರ್‌ಟಿಒದಲ್ಲಿ ಆರ್‌ಸಿಗೆ ಸೇರಿಸಿಕೊಳ್ಳಿ. ಆರ್‌ಸಿಯಲ್ಲಿ ಕಪ್ಪು, ಕಣ್ಣೆದುರು ಮ್ಯಾಟ್ ಹಸಿರು ಇದ್ದರೆ ಕೊಳ್ಳುವವನು ಅಲ್ಲಿಂದಲೇ ಚೌಕಾಸಿ ಆರಂಭಿಸುತ್ತಾನೆ.

ತೆಗೆದ ಒರಿಜಿನಲ್ ಪಾರ್ಟ್ಸ್ ಎಲ್ಲ ಒಂದು ಗೋಣಿಚೀಲದಲ್ಲಿರಲಿ. ಮಾರುವಾಗ ಗಾಡಿಯನ್ನು ಮೊದಲಿನಂತೆ ಮಾಡಿ, ಹಾಕಿಸಿದ್ದನ್ನೆಲ್ಲ ಬೇರೆ ಮಾರಿ. ನಾಲ್ಕು ಸಾವಿರದ ಹ್ಯಾಂಡಲ್ ಹಾಕಿಸಿದ್ದಕ್ಕೆ ಗಾಡಿಯ ಬೆಲೆಯಲ್ಲಿ ಯಾರೂ ನಾಲ್ಕು ಸಾವಿರ ಕೂಡಿಸುವುದಿಲ್ಲ. ಈ ವಿಷಯದಲ್ಲೂ ಅವೆಂಜರ್ ಸುಲಭ, ಏಕೆಂದರೆ ಅರ್ಧ ದಿನದಲ್ಲಿ ಮೂಲರೂಪಕ್ಕೆ ಬರುತ್ತದೆ. ಟ್ರಾಫಿಕ್ ದಂಡ ಬಾಕಿ ಇದ್ದರೆ ಕಟ್ಟಿಬಿಡಿ. 2023ರಲ್ಲೂ 2025ರಲ್ಲೂ ಅರ್ಧ ರಿಯಾಯಿತಿ ಬಂದಿತ್ತು ಅಂತ ಮುಂದಿನದಕ್ಕೆ ಕಾಯುವವರು ಬಹಳ, ಕೊಳ್ಳುವವನು ನಂಬರ್ ಹಾಕಿ ನೋಡಿದರೆ ಎಲ್ಲ ಮೊಬೈಲಿನಲ್ಲೇ ಕಾಣುತ್ತದೆ. ಹಳೆಯ ಗಾಡಿಗೆ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ) ನಂಬರ್ ಪ್ಲೇಟ್ ಹಾಕಿಸಿ. ಸಾಲ ತೀರಿದ್ದರೆ ಬ್ಯಾಂಕಿನ ಎನ್‌ಒಸಿ ಜೊತೆ ಫಾರಂ 35 ಕೊಟ್ಟು ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಿ. ವಿಮೆಯ ನೋ ಕ್ಲೇಮ್ ಬೋನಸ್ ನಿಮ್ಮದು, ಗಾಡಿಯದಲ್ಲ. ವಿಮಾ ಕಂಪನಿಯಿಂದ ಪತ್ರ ಪಡೆದು ಮುಂದಿನ ಗಾಡಿಗೆ ಬಳಸಿ. ಹೆಸರು ವರ್ಗಾವಣೆಯ ಫಾರಂ 29, 30ಕ್ಕೆ ಖಾಲಿ ಬಿಟ್ಟು ಸಹಿ ಹಾಕಿ ಡೀಲರ್ ಕೈಗೆ ಕೊಡಬೇಡಿ. ಡೆಲಿವರಿ ನೋಟ್‌ನಲ್ಲಿ ತಾರೀಖಿನ ಜೊತೆ ಗಂಟೆಯನ್ನೂ ಬರೆಸಿ, ಆರ್‌ಸಿಯಲ್ಲಿ ಹೆಸರು ಬದಲಾಗುವವರೆಗೆ ಅದರ ಫೋಟೊ ಅಳಿಸಬೇಡಿ.