ರಾಕೆಟ್ ಕಿಟ್ ತಗೊಳ್ಳೋ ಮುಂಚೆ ಪೈಪು ಎಷ್ಟುದ್ದ ಇದೆ ನೋಡಿ

ಮಗಳು ಐದನೇ ಕ್ಲಾಸು. ಬೇಸಿಗೆ ರಜೆಗೆ ರಾಕೆಟ್ ಬೇಕೇ ಬೇಕು ಅಂತ ಹಟ ಹಿಡಿದಳು. ಮೊದಲು ಕಣ್ಣಿಗೆ ಬಿದ್ದಿದ್ದು ಅಮೆರಿಕದ ಎಸ್ಟೆಸ್ ಕಿಟ್. ರಟ್ಟಿನ ಕೊಳವೆ, ಬಾಲ್ಸಾ ಮರದ ರೆಕ್ಕೆ, ಪ್ಯಾರಾಚೂಟ್, ಎಲ್ಲಾ ಚೆಂದ. ಆದರೆ ಮೋಟರ್ ಬೇರೆಯೇ ತಗೋಬೇಕು. ಎ8-3 ಅಂತ ಒಂದು ಇದೆ: 8 ಅಂದರೆ ಸರಾಸರಿ 8 ನ್ಯೂಟನ್ ನೂಕುಬಲ, 3 ಅಂದರೆ ಉರಿದು ಮುಗಿದ 3 ಸೆಕೆಂಡಿಗೆ ಪ್ಯಾರಾಚೂಟ್ ಹೊರಗೆ. ಒಳಗಿರೋದು ಕರಿಮದ್ದು, ಟೀ ಶರ್ಟ್ ತರಿಸಿದ ಹಾಗೆ ಬಳ್ಳಾರಿಗೆ ಕೊರಿಯರಲ್ಲಿ ತರಿಸೋಕೆ ಆಗಲ್ಲ. ಮೋಟರ್ ಇಲ್ಲದ ಕಿಟ್ ಶೋಕೇಸಿಗೆ ಸರಿ, ಅಷ್ಟೇ.

ಅದಕ್ಕೇ 1,150 ರೂಪಾಯಿ ಕೊಟ್ಟು ನೀರಿನ ರಾಕೆಟ್ ಕಿಟ್ ತರಿಸಿದೆ. ರಬ್ಬರ್ ಬಿರಡೆ, ಅದಕ್ಕೊಂದು ವಾಲ್ವ್, ಪಂಪಿನಿಂದ ಅದಕ್ಕೆ ಗಾಳಿ ಒಯ್ಯೋ ಪೈಪು, ಸ್ಟ್ಯಾಂಡು, ಮೂರು ಪ್ಲಾಸ್ಟಿಕ್ ರೆಕ್ಕೆ. ಬಾಟಲಿ ನಮ್ಮದೇ. ಕೂಲ್‌ಡ್ರಿಂಕಿನ 2 ಲೀಟರ್ ಬಾಟಲಿಯೇ ಆಗಬೇಕು, ಅದು ಗ್ಯಾಸಿನ ಒತ್ತಡ ತಡೆಯುತ್ತೆ. ಕುಡಿಯೋ ನೀರಿನ ತೆಳು ಬಾಟಲಿ ಬೇಡವೇ ಬೇಡ.

ಸಿರುಗುಪ್ಪ ರಸ್ತೆ ಕಡೆ ಭಾಮೈದನ ಎರೆ ಹೊಲ ಇದೆ, ಬೇಸಿಗೆಯಲ್ಲಿ ಖಾಲಿ. ಬೆಳಿಗ್ಗೆ ಆರಕ್ಕೇ ಹೋದೆವು, ಎಂಟರ ಮೇಲೆ ಅಲ್ಲಿ ನಿಲ್ಲೋಕಾಗುತ್ತಾ? ಮೊದಲ ಸಲ ಬಾಟಲಿ ಮೇಲೇರಿದ್ದೇ ಪಲ್ಟಿ ಹೊಡೆದು ಪಕ್ಕಕ್ಕೆ ಹೋಯಿತು. ತಪ್ಪು ಕಿಟ್ಟಿನದೇ, ರೆಕ್ಕೆ ಕೊಟ್ಟು ಮೂತಿಗೆ, ಅಂದರೆ ಮೇಲಕ್ಕಿರೋ ಬಾಟಲಿ ತಳಕ್ಕೆ, ತೂಕ ಕೊಟ್ಟಿಲ್ಲ. ರಾಕೆಟ್ ನೆಟ್ಟಗೆ ಹೋಗಬೇಕು ಅಂದರೆ ಭಾರ ಮುಂದಿರಬೇಕು. ಮಗಳು ತನ್ನ ಕ್ಲೇ ಉಂಡೆ ಮಾಡಿ ಮೂತಿಗೆ ಮೆತ್ತಿ, ಖಾಲಿ ಬಾಟಲಿಯನ್ನು ಸಮತೂಕ ನಿಲ್ಲುವ ಜಾಗದಲ್ಲಿ ದಾರಕ್ಕೆ ಕಟ್ಟಿ ತಲೆ ಸುತ್ತ ಗಿರ್ರನೆ ತಿರುಗಿಸಿದಳು. ಮೂತಿ ಮುಂದಾಗಿಯೇ ತಿರುಗಿತು, ಅಂದರೆ ಇನ್ನು ನೆಟ್ಟಗೆ ಹಾರುತ್ತೆ. ಆಮೇಲೆ ಮೂರರಲ್ಲಿ ಒಂದು ಪಾಲು ನೀರು ಹಾಕಿ ಪಂಪು ಹೊಡೆದರೆ, ಅಬ್ಬಾ, ಸುಂಯ್ ಅಂತ ನೆಟ್ಟಗೆ! ನೀರು ಜಾಸ್ತಿಯಾದರೆ ಗಾಳಿಗೆ ಜಾಗ ಇಲ್ಲ, ಕಮ್ಮಿಯಾದರೆ ಕೆಳಕ್ಕೆ ತಳ್ಳೋಕೆ ಭಾರವೇ ಇಲ್ಲ. ಇದನ್ನ ಮಗಳೇ ಎಂಟು ಸಲ ಬಿಟ್ಟು ನೋಡಿ ಹೇಳಿದ್ದು.

ನನ್ನ ಸಿಟ್ಟು ಪೈಪಿನ ಮೇಲೆ. ಕಿಟ್ಟಲ್ಲಿ ಕೊಟ್ಟಿದ್ದು ಒಂದು ಮೊಳ. ರಾಕೆಟ್ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಪಂಪು ಹೊಡೀಬೇಕು, ಬಿರಡೆ ಯಾವಾಗ ಕಿತ್ತುಕೊಳ್ಳುತ್ತೆ ಅಂತ ಗೊತ್ತಾಗಲ್ಲ, ನೀರೆಲ್ಲ ಮುಖಕ್ಕೇ. ನೀರಾದರೆ ಸರಿ, ಬಾಟಲಿ ಒಡೆದರೆ? ಸೈಕಲ್ ಶಾಪಿಗೆ ಹೋಗಿ ಐದು ಮೀಟರ್ ಪೈಪು ಹಾಕಿಸಿಕೊಂಡೆ. ನೀವು ತಗೊಳ್ಳೋದಾದರೆ ಉದ್ದ ಪೈಪು ಇರೋದು, ಹಗ್ಗ ಎಳೆದು ಬಿಡುವ ಕ್ಲಿಪ್ ಇರೋದೇ ನೋಡಿ, ಇನ್ನೂರು ಮುನ್ನೂರು ಜಾಸ್ತಿ ಆದರೂ ಪರವಾಗಿಲ್ಲ. ರೆಕ್ಕೆಯ ಅಂಟು ಟೇಪು ನಮ್ಮ ಬಿಸಿಲಿಗೆ ಎರಡೇ ದಿನಕ್ಕೆ ಬಿಟ್ಟಿತು, ಅದು ಬೇರೆ ಕಥೆ.

ಐದಕ್ಕೆ ಮೂರು ಕೊಡುತ್ತೇನೆ. ಮೂರನೇ ದಿನ ರಾಕೆಟ್ ಗಾಳಿಗೆ ವಾಲಿ ಬಳ್ಳಾರಿ ಜಾಲಿ ಪೊದೆಯೊಳಗೆ ಬಿತ್ತು, ಮುಳ್ಳು ಚುಚ್ಚಿ ಬಾಟಲಿ ಹೋಯಿತು. ಇನ್ನೊಂದು ಬಾಟಲಿ ಖಾಲಿ ಮಾಡೋಕೆ ಮನೆಮಂದಿಯೆಲ್ಲ ಕೂತು ಕೂಲ್‌ಡ್ರಿಂಕ್ ಕುಡಿದೆವು. ಆ ಖರ್ಚು 1,150ರಲ್ಲಿ ಸೇರಿಲ್ಲ.